ಜಪ್ತಿಯೋ, ಮುಟ್ಟುಗೋಲೋ, ಸ್ವಾಧೀನವೋ: ನೋಟಿಸಿನ ಇಂಗ್ಲಿಷ್ ಪದವನ್ನು ಓದುವುದು ಹೇಗೆ?

ಬ್ಯಾಂಕಿನಿಂದ, ಫೈನಾನ್ಸಿನಿಂದ, ಜಿಎಸ್‌ಟಿ ಕಚೇರಿಯಿಂದ ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ಬರುವ ನೋಟಿಸುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಯಾರಿಂದಲೋ ಓದಿಸಿದರೆ ಸಿಗುವ ಉತ್ತರ ಒಂದೇ: 'ಜಪ್ತಿ ನೋಟಿಸ್ ಬಂದಿದೆ.' ಪೊಲೀಸರು ಬೈಕ್ ಹಿಡಿದರೂ ಜಪ್ತಿ, ಕೋರ್ಟು ಹೊಲದ ಮೇಲೆ ಆದೇಶ ಮಾಡಿದರೂ ಜಪ್ತಿ, ಬ್ಯಾಂಕಿನವರು ಮನೆ ಗೋಡೆಗೆ ಕಾಗದ ಅಂಟಿಸಿದರೂ ಜಪ್ತಿ. ಇಂಗ್ಲಿಷ್ ಕಾಗದದಲ್ಲಿ ಈ ಮೂರಕ್ಕೂ ಬೇರೆ ಬೇರೆ ಪದಗಳಿವೆ. ಪದ ಬೇರೆಯಾದರೆ ಕಾನೂನು ಬೇರೆ, ಹೋಗಬೇಕಾದ ಕಚೇರಿ ಬೇರೆ, ಕೈಯಲ್ಲಿರುವ ದಿನಗಳ ಲೆಕ್ಕವೂ ಬೇರೆ. ಪದ ಗೊತ್ತಾಗದೆ ತಪ್ಪು ಬಾಗಿಲು ತಟ್ಟಿ, ಅಷ್ಟರಲ್ಲಿ ಗಡುವು ಮುಗಿದು ಆಸ್ತಿ ಕಳೆದುಕೊಂಡವರು ಕಡಿಮೆಯಿಲ್ಲ. ಇಂಥ ನಷ್ಟವನ್ನು ತಪ್ಪಿಸಬಹುದು.

ವಸ್ತು ಕೈಬಿಟ್ಟಿತೆಂದರೆ ಒಡೆತನವೂ ಹೋಯಿತೇ?

ಹಳ್ಳಿಯ ದೊಡ್ಡಿಯನ್ನು ನೆನೆಸಿಕೊಳ್ಳಿ. ನಿಮ್ಮ ಎತ್ತು ಪಕ್ಕದವರ ಹೊಲ ಮೇಯ್ದರೆ ಅವರು ಅದನ್ನು ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡುತ್ತಾರೆ. ಎತ್ತು ನಿಮ್ಮ ಕೊಟ್ಟಿಗೆಯಲ್ಲಿಲ್ಲ, ಆದರೂ ನಿಮ್ಮದೇ. ದಂಡ, ಮೇವಿನ ಖರ್ಚು ಕಟ್ಟಿದರೆ ಬಿಡಿಸಿಕೊಂಡು ಬರಬಹುದು. ಗಡುವಿನೊಳಗೆ ಯಾರೂ ಬರದಿದ್ದರೆ ಹರಾಜಾಗುತ್ತದೆ, ಒಡೆತನ ಹೋಗುವುದು ಆಗ.

ಸರ್ಕಾರ, ಕೋರ್ಟು, ಬ್ಯಾಂಕು ಯಾವುದನ್ನೇ ತೆಗೆದುಕೊಂಡರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಹೋಗಿರುವುದು ವಸ್ತು ಮಾತ್ರವೇ, ಒಡೆತನವೂ ಹೋಗಿದೆಯೇ? ಸೀಜರ್, ಡಿಟೆನ್ಶನ್, ಇಂಪೌಂಡ್, ಅಟ್ಯಾಚ್‌ಮೆಂಟ್, ಪೊಸೆಶನ್ ಎಂಬ ಪದಗಳಿದ್ದರೆ ಒಡೆತನ ಇನ್ನೂ ನಿಮ್ಮದೇ. ಕಾನ್ಫಿಸ್ಕೇಶನ್, ಫಾರ್‌ಫೀಚರ್ ಎಂದಿದ್ದರೆ ಹೋಗಿದೆ, ಇಲ್ಲವೇ ಹೋಗುವ ಅಂಚಿನಲ್ಲಿದೆ. ಅಕ್ವಿಸಿಶನ್ ಎಂದಿದ್ದರೆ ಒಡೆತನ ಹೋಗುತ್ತದೆ, ಬದಲಿಗೆ ಪರಿಹಾರ ಬರುತ್ತದೆ. ಪದದ ಪಕ್ಕದಲ್ಲೇ ಸೆಕ್ಷನ್ ಸಂಖ್ಯೆ, ಕಾಯ್ದೆಯ ಹೆಸರು ಇರುತ್ತವೆ. ಅವನ್ನು ಗುರುತು ಹಾಕಿಕೊಂಡು, ನೋಟಿಸು ಕೈಗೆ ಬಂದ ದಿನಾಂಕವನ್ನು ಲಕೋಟೆಯ ಮೇಲೆ ಬರೆದು, ಲಕೋಟೆಯನ್ನೂ ಎತ್ತಿಡಿ. ಎಷ್ಟೋ ಗಡುವುಗಳು ಕಾಗದದ ಮೇಲಿನ ತಾರೀಖಿನಿಂದಲ್ಲ, ಅದು ನಿಮ್ಮ ಕೈಸೇರಿದ ದಿನದಿಂದ ಶುರುವಾಗುತ್ತವೆ.

ಸೀಜರ್: ಪೊಲೀಸರು ವಶಕ್ಕೆ ಪಡೆಯುವುದು

ಕಳವಿನದೆಂದು ಶಂಕೆಯಿರುವ ಅಥವಾ ಅಪರಾಧಕ್ಕೆ ಸಂಬಂಧಿಸಿದ ವಸ್ತುವನ್ನು ಪೊಲೀಸರು ವಶಪಡಿಸಿಕೊಳ್ಳುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 106ರ ಅಡಿ. ಈ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಹಳೆಯ ಸಿಆರ್‌ಪಿಸಿಯಲ್ಲಿ ಇದೇ ಅಧಿಕಾರ ಸೆಕ್ಷನ್ 102ರಲ್ಲಿತ್ತು. ಹೊಸ ಸಂಹಿತೆಯ ಸೆಕ್ಷನ್ 105 ಒಂದು ಮುಖ್ಯ ರಕ್ಷಣೆಯನ್ನು ತಂದಿದೆ: ಶೋಧ, ವಶ, ವಸ್ತುಗಳ ಪಟ್ಟಿ ತಯಾರಿ, ಸಾಕ್ಷಿಗಳ ಸಹಿ ಎಲ್ಲವನ್ನೂ ವಿಡಿಯೊ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು.

ಮಹಜರಿಗೆ ಸಹಿ ಹಾಕುವ ಮೊದಲು ಓದಿ. ವಾಹನವಾದರೆ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಟೈರು ಬ್ಯಾಟರಿಗಳ ಸ್ಥಿತಿ ಅದರಲ್ಲಿ ಬರಲಿ. ಠಾಣೆಯ ಆವರಣದಲ್ಲಿ ಮಳೆ ಬಿಸಿಲಿಗೆ ನಿಂತ ಗಾಡಿಯ ಬ್ಯಾಟರಿ ಆಮೇಲೆ ಕಾಣೆಯಾದರೆ ಕೇಳುವುದಕ್ಕೆ ಆಧಾರ ಆ ಕಾಗದವೊಂದೇ.

ಕೇಸು ಮುಗಿಯುವವರೆಗೆ ಗಾಡಿ ಅಲ್ಲೇ ಕೊಳೆಯಬೇಕಿಲ್ಲ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟ್, ವಶಪಡಿಸಿಕೊಂಡ ವಸ್ತುಗಳನ್ನು ಠಾಣೆಯಲ್ಲಿ ಹದಿನೈದು ದಿನದಿಂದ ಹೆಚ್ಚೆಂದರೆ ಒಂದು ತಿಂಗಳಿಗಿಂತ ಆಚೆಗೆ ಇಟ್ಟುಕೊಳ್ಳಬಾರದೆಂದು ಹೇಳಿದೆ. ಆರ್‌ಸಿ, ವಿಮೆ, ಗುರುತಿನ ಚೀಟಿ ಇಟ್ಟು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವವರೆಗೆ ಗಾಡಿಯನ್ನು ತಮ್ಮ ವಶಕ್ಕೆ ಕೊಡುವಂತೆ, ಅರ್ಜಿ ಹಾಕಬೇಕು. ನ್ಯಾಯಾಲಯ ಸಾಮಾನ್ಯವಾಗಿ ಮುಚ್ಚಳಿಕೆ, ಜಾಮೀನು ಕೇಳುತ್ತದೆ. ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ತಂದು ತೋರಿಸಬೇಕು ಎಂಬ ಷರತ್ತು ಹಾಕುತ್ತದೆ. ಆರ್‌ಸಿ ಬೇರೆಯವರ ಹೆಸರಿನಲ್ಲಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹಳೆಯ ಬೈಕ್ ಕೊಂಡು ಹೆಸರು ವರ್ಗಾಯಿಸಿಕೊಳ್ಳದವರಿಗೆ ತೊಂದರೆ ಬರುವುದು ಇಲ್ಲೇ.

ನೆಲಕ್ಕೆ ಮಾತ್ರ ಈ ಅಧಿಕಾರ ಇಲ್ಲ. ನೆವಾಡಾ ಪ್ರಾಪರ್ಟೀಸ್ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್, ಹಳೆಯ ಸೆಕ್ಷನ್ 102ರ ಅಡಿ ಪೊಲೀಸರು ಸ್ಥಿರಾಸ್ತಿಯನ್ನು ವಶಪಡಿಸಿಕೊಳ್ಳುವಂತಿಲ್ಲ ಎಂದಿತು. ಸೈಟಿನ ಜಗಳಕ್ಕೆ ಠಾಣೆಯಲ್ಲೇ ಬೀಗ ಹಾಕಿಸುತ್ತೇನೆ ಎಂದು ಯಾರಾದರೂ ಹೆದರಿಸಿದರೆ ಈ ತೀರ್ಪು ನೆನಪಿರಲಿ.

ಯುಪಿಐ ಮೂಲಕ ವಂಚನೆಯ ಹಣ ಬಂದು ಅಂಗಡಿಯವರ ಖಾತೆ ಫ್ರೀಜ್ ಆಗುವುದೂ ಹೆಚ್ಚಾಗಿ ಹೊಸ ಸಂಹಿತೆಯ ಇದೇ ಸೆಕ್ಷನ್ 106ರ ಬಳಕೆ. ಯಾವ ಠಾಣೆ, ಯಾವ ದೂರು, ಎಷ್ಟು ಮೊತ್ತ ಎಂದು ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆಯಿರಿ. ಆ ಹಣ ಯಾವ ಮಾಲಿಗೆ ಬಂತೆಂಬ ಬಿಲ್ಲನ್ನು ಆ ಠಾಣೆಗೆ ಕಳಿಸಿ. ಅಲ್ಲಿ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ಇಂಪೌಂಡ್: ಹಿಡಿದಿಟ್ಟುಕೊಳ್ಳುವುದು

ಈ ಪದದೊಳಗೇ ದೊಡ್ಡಿ ಇದೆ. ಇಂಗ್ಲಿಷಿನಲ್ಲಿ ಪೌಂಡ್ ಎಂದರೆ ಬೀಡಾಡಿ ದನ ಕೂಡುವ ಜಾಗ. ಸೀಜರ್ ಎಂದರೆ ಆ ಕ್ಷಣದಲ್ಲಿ ಕೈಗೆ ತೆಗೆದುಕೊಳ್ಳುವುದು, ಇಂಪೌಂಡ್ ಎಂದರೆ ತೆಗೆದುಕೊಂಡದ್ದನ್ನು ಇಟ್ಟುಕೊಳ್ಳುವುದು. ಸುರೇಶ್ ನಂದಾ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: ಪೊಲೀಸರು ಪಾಸ್‌ಪೋರ್ಟ್ ಸೀಜ್ ಮಾಡಬಹುದು, ಇಂಪೌಂಡ್ ಮಾಡುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ.

ನಮ್ಮ ಕಡೆ ಈ ಪದ ಹೆಚ್ಚು ಕಾಣಿಸುವುದು ಹಳೆಯ ಕರಾರುಪತ್ರಗಳ ವಿಷಯದಲ್ಲಿ. ಕಡಿಮೆ ಬೆಲೆಯ ಛಾಪಾ ಕಾಗದದ ಮೇಲೆ ಬರೆದ ಜಮೀನಿನ ಕರಾರನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಕೊಟ್ಟರೆ, ಕರ್ನಾಟಕ ಮುದ್ರಾಂಕ ಕಾಯ್ದೆಯ (1957) ಸೆಕ್ಷನ್ 33ರಂತೆ ನ್ಯಾಯಾಲಯ ಅದನ್ನು ಇಂಪೌಂಡ್ ಮಾಡುತ್ತದೆ. ಬಾಕಿ ಶುಲ್ಕ, ಅದರ ಮೇಲೆ ಹತ್ತು ಪಟ್ಟಿನ ದಂಡ ಕಟ್ಟಿದ ಮೇಲೆಯೇ ಅದು ಸಾಕ್ಷ್ಯವಾಗುವುದು. ಆರಂಭದಲ್ಲಿ ಉಳಿಸಿದ ಸಾವಿರಕ್ಕೆ ಆಮೇಲೆ ಹನ್ನೊಂದು ಸಾವಿರ ಕೊಡಬೇಕಾಗುತ್ತದೆ.

ಹೆದ್ದಾರಿಯಲ್ಲಿ ನಿಂತ ಲಾರಿ: ಡಿಟೆನ್ಶನ್‌ನಿಂದ ಕಾನ್ಫಿಸ್ಕೇಶನ್‌ವರೆಗೆ

ರಾಷ್ಟ್ರೀಯ ಹೆದ್ದಾರಿ 48 ಎರಡೂ ಜಿಲ್ಲೆಗಳ ನಡುವೆ ಹಾದುಹೋಗುವುದರಿಂದ ಇಲ್ಲಿನ ವರ್ತಕರಿಗೆ ಈ ಭಾಗ ಬಹಳ ಮುಖ್ಯ. ಚನ್ನಗಿರಿಯಿಂದ ಹೊರಟ ಅಡಿಕೆ ಲೋಡಿನ ಬೆಲೆ 10 ಲಕ್ಷ ರೂಪಾಯಿ, ತೆರಿಗೆ ದರ ಶೇ 5 ಎಂದಿಟ್ಟುಕೊಳ್ಳಿ. ಸರಕು ಸಾಗಣೆಗೆ ಬೇಕಾದ ಆನ್‌ಲೈನ್ ಚೀಟಿ, ಇ-ವೇ ಬಿಲ್ ಇಲ್ಲ. ಅಧಿಕಾರಿಗಳು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 129ರ ಅಡಿ ಲಾರಿ ನಿಲ್ಲಿಸುತ್ತಾರೆ. ಇದು ಡಿಟೆನ್ಶನ್. ತಡೆದ 7 ದಿನದೊಳಗೆ ನೋಟಿಸು, ನೋಟಿಸು ಕೊಟ್ಟ 7 ದಿನದೊಳಗೆ ಆದೇಶ ಬರಬೇಕು.

ಮಾಲಿನ ಮಾಲೀಕರು ಮುಂದೆ ಬಂದರೆ ದಂಡ ತೆರಿಗೆಯ ಎರಡರಷ್ಟು. 10 ಲಕ್ಷಕ್ಕೆ ತೆರಿಗೆ 50,000, ದಂಡ 1 ಲಕ್ಷ. ಮಾಲೀಕರು ಬಾರದೆ ಲಾರಿಯವರೋ ದಲ್ಲಾಳಿಯೋ ಬಿಡಿಸಲು ಹೋದರೆ ಮಾಲಿನ ಬೆಲೆಯ ಅರ್ಧ ಅಥವಾ ತೆರಿಗೆಯ ಎರಡರಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಇಲ್ಲಿ ಅದು 5 ಲಕ್ಷ! ಅಧಿಕಾರಿಯ ಮುಂದೆ ನಿಂತವರು ಯಾರು ಎಂಬುದರ ಮೇಲೆ ವ್ಯತ್ಯಾಸ 4 ಲಕ್ಷ ರೂಪಾಯಿ. ಹೆದರಿ ಫೋನ್ ಆಫ್ ಮಾಡಿ ಕೂರುವುದು ಅತಿ ದುಬಾರಿಯ ದಾರಿ. ಆದೇಶ ಕೈಸೇರಿ 15 ದಿನದಲ್ಲಿ ಕಟ್ಟದಿದ್ದರೆ ಮಾಲು ಮಾರಾಟಕ್ಕೆ ಬರುತ್ತದೆ, ಕೊಳೆಯುವ ಸರಕಾದರೆ ಇನ್ನೂ ಬೇಗ.

ನೋಟಿಸಿನಲ್ಲಿ 129ರ ಬದಲು 130 ಎಂದಿದ್ದರೆ ಅದು ಕಾನ್ಫಿಸ್ಕೇಶನ್, ಮುಟ್ಟುಗೋಲು. ತೆರಿಗೆ ತಪ್ಪಿಸುವ ಉದ್ದೇಶವೇ ಇತ್ತೆಂಬ ಆರೋಪ ಅದರೊಳಗಿರುತ್ತದೆ. ಆ ಆದೇಶವಾದೊಡನೆ ಮಾಲಿನ ಒಡೆತನ ಸರ್ಕಾರಕ್ಕೆ ಸೇರುತ್ತದೆ. ಅದಕ್ಕೂ ಮೊದಲು ನಿಮ್ಮ ಮಾತು ಕೇಳಲೇಬೇಕು, ಮುಟ್ಟುಗೋಲಿನ ಬದಲು ದಂಡ ಕಟ್ಟುವ ಆಯ್ಕೆಯನ್ನೂ ಕೊಡಬೇಕು. ವಿಚಾರಣೆಗೆ ಬಿಲ್, ತೂಕದ ಚೀಟಿ, ಖರೀದಿಯ ಲೆಕ್ಕ ಹಿಡಿದು ಹೋಗಿ.

ಪಡಿತರ ಅಕ್ಕಿ ಸಾಗಿಸಿ ಸಿಕ್ಕಿಬಿದ್ದರೆ ದಾರಿ ಬೇರೆ. ಅಗತ್ಯ ವಸ್ತುಗಳ ಕಾಯ್ದೆಯ (1955) ಸೆಕ್ಷನ್ 6ಎ ಅಡಿ ಮುಟ್ಟುಗೋಲಿನ ಅಧಿಕಾರ ಜಿಲ್ಲಾಧಿಕಾರಿಯದು. ಮೊದಲು ಕಾರಣ ಕೇಳುವ ನೋಟಿಸು, ಆದೇಶವಾದರೆ ಒಂದು ತಿಂಗಳೊಳಗೆ ಮೇಲ್ಮನವಿ. ಲಾರಿ ಬಾಡಿಗೆಗೆ ಕೊಟ್ಟ ಮಾಲೀಕರು ತಮಗೆ ಗೊತ್ತಿರಲಿಲ್ಲ ಎಂದರೆ ಸಾಲದು, ಎಚ್ಚರಿಕೆ ವಹಿಸಿದ್ದೆವೆಂದೂ ತೋರಿಸಬೇಕು. ಬಾಡಿಗೆ ಚೀಟಿಯಲ್ಲಿ ಸರಕಿನ ಹೆಸರು ಬರೆಸುವ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ.

ಫಾರ್‌ಫೀಚರ್ ಎಂದರೆ ಷರತ್ತು ಮುರಿದ ಕಾರಣಕ್ಕೆ ಕಟ್ಟಿದ ಹಣ ಅಥವಾ ಹಕ್ಕು ಕಳೆದುಕೊಳ್ಳುವುದು. ಚಲಾಯಿತ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯದ ಅಭ್ಯರ್ಥಿಯ ಠೇವಣಿ ಹೋಗುತ್ತದಲ್ಲ, ಅದು ಇದೇ.

ಅಟ್ಯಾಚ್‌ಮೆಂಟ್: ಮಾರದಂತೆ ಕಟ್ಟಿಹಾಕುವುದು

ಕೈಸಾಲದ ದಾವೆಯಲ್ಲಿ ಡಿಕ್ರಿಯಾಗಿ, ಅಂದರೆ ಹಣ ಕೊಡಬೇಕೆಂದು ಕೋರ್ಟಿನ ತೀರ್ಪಾಗಿ, ಹಣ ಕಟ್ಟದಿದ್ದರೆ ಕೋರ್ಟು ಆಸ್ತಿಯ ಮೇಲೆ ಅಟ್ಯಾಚ್‌ಮೆಂಟ್ ಮಾಡುತ್ತದೆ. ಹೊಲವಾದರೆ ನೀವು ಉಳುವುದು ನಿಲ್ಲುವುದಿಲ್ಲ. ಮಾರುವುದು, ಅಡವಿಡುವುದು, ದಾನ ಕೊಡುವುದು ನಿಲ್ಲುತ್ತದೆ. ಆದೇಶವನ್ನು ಜಮೀನಿನ ಬಳಿ ತಮಟೆ ಬಾರಿಸಿಯೋ ಬೇರೆ ರೂಢಿಯ ರೀತಿಯಲ್ಲೋ ಸಾರಿ, ಪ್ರತಿಯನ್ನು ಅಂಟಿಸುತ್ತಾರೆ. ಅದಾದ ಮೇಲೆ ಗುಟ್ಟಾಗಿ ಕ್ರಯ ಮಾಡಿದರೆ ಡಿಕ್ರಿದಾರನ ಮುಂದೆ ಆ ಕ್ರಯಕ್ಕೆ ಬೆಲೆಯಿಲ್ಲ. ಚರಾಸ್ತಿಯಾದರೆ ಕೋರ್ಟಿನ ಅಮೀನರು ಬಂದು ವಸ್ತುವನ್ನೇ ತೆಗೆದುಕೊಳ್ಳುತ್ತಾರೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಅವರು ವಾಸದ ಮನೆಯೊಳಗೆ ಬರುವಂತಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60 ಮುಟ್ಟಬಾರದ ವಸ್ತುಗಳ ಪಟ್ಟಿ ಕೊಡುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಲಕರಣೆ, ಬದುಕಿಗೆ ಬೇಕಾದ ದನಕರು, ಬಿತ್ತನೆ ಬೀಜ, ರೈತ ತಾನೇ ವಾಸವಿರುವ ಮನೆ, ಕೂಲಿಕಾರರ ಕೂಲಿ, ಭವಿಷ್ಯನಿಧಿ ಅದರಲ್ಲಿವೆ. ಮೊಳಕಾಲ್ಮೂರಿನ ನೇಕಾರರೊಬ್ಬರ ಕೈಮಗ್ಗವನ್ನು ಹೊರಲು ಬಂದರೆ ಈ ಸೆಕ್ಷನ್ ಹೇಳಿ ಆಕ್ಷೇಪಣೆ ಹಾಕಬೇಕು. ಸಂಬಳವಾದರೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ. ನೀವಾಗಿಯೇ ಅಡವಿಟ್ಟ ಆಸ್ತಿಗೂ ಈ ಪಟ್ಟಿ ನೆರವಾಗುವುದಿಲ್ಲ.

ಅಣ್ಣನ ಸಾಲಕ್ಕೆ ತಮ್ಮನ ಪಾಲಿನ ಜಮೀನೂ ಸೇರಿಹೋಗುವುದು ಜಂಟಿ ಪಹಣಿಯಿರುವಲ್ಲಿ ಪದೇ ಪದೇ ಆಗುವ ತೊಂದರೆ. ಆಗ ತಮ್ಮ ಅದೇ ನ್ಯಾಯಾಲಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 58ರ ಅಡಿ ತನ್ನ ಹಕ್ಕು ಹೇಳಿಕೊಳ್ಳಬೇಕು, ಅದೂ ಹರಾಜಿಗೆ ಮೊದಲೇ. ಹರಾಜು ಮುಗಿದೇ ಹೋದರೂ ಸಾಲಗಾರರಿಗೆ ಇನ್ನೊಂದು ಅವಕಾಶ ಇದೆ: 60 ದಿನದೊಳಗೆ ಡಿಕ್ರಿಯ ಬಾಕಿಯನ್ನೂ ಹರಾಜಿನ ಬೆಲೆಯ ಶೇ 5ರಷ್ಟನ್ನೂ ಠೇವಣಿಯಿಟ್ಟರೆ ಹರಾಜನ್ನು ರದ್ದು ಮಾಡಿಸಬಹುದು.

ಪೊಸೆಶನ್ ನೋಟಿಸ್: ಬ್ಯಾಂಕು ಗೋಡೆಗೆ ಅಂಟಿಸುವ ಕಾಗದ

ಅಡವಿಟ್ಟ ಮನೆ, ಅಂಗಡಿ, ಸೈಟಿನ ಮೇಲೆ ಬ್ಯಾಂಕು ಕೋರ್ಟಿಗೆ ಹೋಗದೆಯೇ ಕ್ರಮ ಕೈಗೊಳ್ಳಲು ದಾರಿ ಮಾಡಿದ್ದು 2002ರ ಸರ್ಫೇಸಿ ಕಾಯ್ದೆ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ ಸೆಕ್ಷನ್ 13(2)ರ ಡಿಮ್ಯಾಂಡ್ ನೋಟಿಸ್ ಬರುತ್ತದೆ, ಹಣ ಕಟ್ಟಲು 60 ದಿನ. ಬಹಳ ಮಂದಿ ಈ ಹಂತದಲ್ಲಿ ಸುಮ್ಮನಿರುತ್ತಾರೆ, ಆದರೆ ಪೂರಾ ದಾರಿಯಲ್ಲಿ ಅತಿ ಹೆಚ್ಚು ಬೆಲೆಯುಳ್ಳ ದಿನಗಳು ಇವೇ. ಬಡ್ಡಿ ಲೆಕ್ಕ ತಪ್ಪಿದ್ದರೆ, ಕಟ್ಟಿದ ಕಂತು ಜಮೆಯಾಗದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಆಕ್ಷೇಪಣೆ ಕಳಿಸಿ. ಬ್ಯಾಂಕು 15 ದಿನದೊಳಗೆ ಕಾರಣ ಸಮೇತ ಉತ್ತರಿಸಬೇಕು. ಉತ್ತರಿಸದಿದ್ದರೆ ಮುಂದೆ ನ್ಯಾಯಮಂಡಳಿಯಲ್ಲಿ ನಿಮ್ಮ ವಾದಕ್ಕೆ ಅದೇ ಬಲ.

60 ದಿನ ಕಳೆದ ಮೇಲೆ ಬರುವುದು 13(4)ರ ಪೊಸೆಶನ್ ನೋಟಿಸ್. ಇದು ಸಾಮಾನ್ಯವಾಗಿ ಸಿಂಬಾಲಿಕ್, ಅಂದರೆ ಕಾಗದದ ಮೇಲಿನ ಸ್ವಾಧೀನ. ಗೋಡೆಗೆ ಅಂಟಿಸಿ, 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಆ ದಿನವೇ ನೀವು ಮನೆ ಖಾಲಿ ಮಾಡಬೇಕಿಲ್ಲ. ನಿಮ್ಮನ್ನು ಹೊರಗೆ ಕಳಿಸುವ ಫಿಸಿಕಲ್ ಪೊಸೆಶನ್‌ಗೆ ಬ್ಯಾಂಕು ಸೆಕ್ಷನ್ 14ರ ಅಡಿ ಜಿಲ್ಲಾಧಿಕಾರಿ ಅಥವಾ ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಆದೇಶ ತರುತ್ತದೆ.

ದೊಡ್ಡ ಎಡವಟ್ಟು ಆಗುವುದು ಇಲ್ಲಿ. ನೋಟಿಸು ಬಂದವರು ಊರಿನ ಸಿವಿಲ್ ಕೋರ್ಟಿಗೆ ತಡೆಯಾಜ್ಞೆಗೆ ಹೋಗುತ್ತಾರೆ, ಇಲ್ಲವೇ ಜಿಲ್ಲಾಧಿಕಾರಿಗೆ ಮನವಿ ಕೊಟ್ಟು ಕಾಯುತ್ತಾರೆ. ಸೆಕ್ಷನ್ 34 ಸಿವಿಲ್ ಕೋರ್ಟಿನ ಬಾಗಿಲನ್ನು ಮುಚ್ಚಿದೆ. ಸಾಲದ ತಕರಾರು ತೀರ್ಮಾನಿಸುವ ಅಧಿಕಾರ ಸೆಕ್ಷನ್ 14ರಲ್ಲಿ ಜಿಲ್ಲಾಧಿಕಾರಿಗೆ ಇಲ್ಲ. ಹೋಗಬೇಕಾದದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಸೆಕ್ಷನ್ 17ರ ಅಡಿ, ಕ್ರಮ ಕೈಗೊಂಡ 45 ದಿನದೊಳಗೆ. ಊರಿನಲ್ಲೇ ಓಡಾಡುತ್ತ ಈ 45 ದಿನ ಕಳೆಯಬೇಡಿ.

ಹರಾಜಿಗೆ 30 ದಿನದ ನೋಟಿಸು ಕೊಡಬೇಕು. 2016ರ ತಿದ್ದುಪಡಿಯ ನಂತರ, ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜು ಪ್ರಕಟಣೆ ಬರುವ ದಿನದವರೆಗೆ ಮಾತ್ರ. ಸುಪ್ರೀಂ ಕೋರ್ಟ್ 2023ರಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಇದನ್ನು ಖಚಿತಪಡಿಸಿತು. ಹರಾಜಿನ ಹಿಂದಿನ ದಿನ ಹಣ ಹೊಂದಿಸಿದರಾಯಿತು ಎಂಬ ಹಳೆಯ ಲೆಕ್ಕ ಈಗ ನಡೆಯದು. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಉಳಿದ ಹಣ ನಿಮಗೆ ಸೇರಬೇಕು, ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೂಗಿದವರು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಶೇ 25, ಉಳಿದದ್ದನ್ನು 15 ದಿನದೊಳಗೆ ಕಟ್ಟದಿದ್ದರೆ ಅವರ ಠೇವಣಿ ಫಾರ್‌ಫೀಟ್ ಆಗುತ್ತದೆ.

ಕೃಷಿ ಜಮೀನಿಗೆ ಸೆಕ್ಷನ್ 31(ಐ) ಅಡಿ ಸರ್ಫೇಸಿ ತಾಗುವುದಿಲ್ಲ. ಆದರೆ ಪಹಣಿಯಲ್ಲಿ ಹಾಗೆ ಬರೆದಿದ್ದರೆ ಸಾಲದು, ನಿಜವಾಗಿ ಬೇಸಾಯ ನಡೆಯುತ್ತಿರಬೇಕು. ಅಲಿನೇಶನ್ ಆದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾದ ಜಮೀನಿಗೆ ಈ ರಕ್ಷಣೆ ಸಿಗುವುದು ಕಷ್ಟ. ಸಾಲವೇ ಹೋಯಿತೆಂದೂ ಅಲ್ಲ, ಬ್ಯಾಂಕು ಬೇರೆ ಕಾನೂನಿನ ದಾರಿಯಲ್ಲಿ ಬರಬಹುದು. ಉಳಿದ ಬಾಕಿ ಅಸಲು ಬಡ್ಡಿಯ ಶೇ 20ಕ್ಕಿಂತ ಕಡಿಮೆಯಿದ್ದರೂ ಸರ್ಫೇಸಿ ನಡೆಯುವುದಿಲ್ಲ.

ರಿಪೊಸೆಶನ್: ಫೈನಾನ್ಸಿನವರು ಗಾಡಿ ಎಳೆಯುವುದು

ಜನ ಇದನ್ನೂ 'ಸೀಜ್' ಎನ್ನುತ್ತಾರೆ, ಎಳೆಯುವವರಿಗೆ 'ಸೀಜರ್‌ಗಳು' ಎಂದೇ ಹೆಸರು. ಸೀಜ್ ಮಾಡುವ ಸರ್ಕಾರಿ ಅಧಿಕಾರ ಅವರಿಗಿಲ್ಲ. ಅವರಿಗಿರುವುದು ಸಾಲದ ಕರಾರಿನಿಂದ ಬಂದ ಹಕ್ಕು ಮಾತ್ರ, ಹಾಗಾಗಿ ಕರಾರಿನಲ್ಲಿ ಬರೆದ ನೋಟಿಸು, ಕಾಲಾವಕಾಶ ಪಾಲಿಸಲೇಬೇಕು. 2007ರ ಪ್ರಕಾಶ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೋಳ್ಬಲದಿಂದ ವಾಹನ ಕಿತ್ತುಕೊಳ್ಳುವ ಪದ್ಧತಿಯನ್ನು ಖಂಡಿಸಿತು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ವಸೂಲಿ ಕರೆಗಳು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಬರುವಂತಿಲ್ಲ. ದಾರಿಯಲ್ಲಿ ಅಡ್ಡಗಟ್ಟಿದರೆ ಏಜೆಂಟರ ಗುರುತಿನ ಚೀಟಿ, ಕಂಪನಿಯ ಅಧಿಕಾರಪತ್ರ ಕೇಳಿ, ಮೊಬೈಲಿನಲ್ಲಿ ಚಿತ್ರೀಕರಿಸಿ, 112ಕ್ಕೆ ಕರೆ ಮಾಡಿ. ಬಲವಂತಕ್ಕೆ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. 'ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ' ಎಂಬ ಸಾಲು ಅದರಲ್ಲಿ ಆಮೇಲೆ ಸೇರಬಹುದು.

ಸಂಘದ ಸಾಲ, ಮೈಕ್ರೋಫೈನಾನ್ಸ್ ಪಡೆದ ಹೆಣ್ಣುಮಕ್ಕಳು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ರಿಸರ್ವ್ ಬ್ಯಾಂಕಿನ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲಕ್ಕೆ ಅಡಮಾನವೇ ಇಲ್ಲ. ಅಡಮಾನ ಇಲ್ಲದ ಮೇಲೆ ಎಮ್ಮೆ, ಸಿಲಿಂಡರ್, ಟಿ.ವಿ. ಯಾವುದನ್ನೂ ಹೊತ್ತೊಯ್ಯುವ ಹಕ್ಕು ಯಾರಿಗೂ ಇಲ್ಲ, ಮನೆಗೆ ಬೀಗ ಜಡಿಯುವ ಹಕ್ಕೂ ಇಲ್ಲ. ಪರವಾನಗಿ ಇಲ್ಲದ ಲೇವಾದೇವಿಗಾರರ ಬಲವಂತದ ವಸೂಲಿಗೆ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಿತು.

ಅಕ್ವಿಸಿಶನ್ ಮತ್ತು ರಿಕ್ವಿಸಿಶನ್

ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗ, ಭದ್ರಾ ಮೇಲ್ದಂಡೆ ಕಾಲುವೆ, ಹೆದ್ದಾರಿ ಅಗಲೀಕರಣದಿಂದಾಗಿ ಭೂಸ್ವಾಧೀನ ಇಲ್ಲಿನವರಿಗೆ ಹೊಸದಲ್ಲ. ಯಾವ ಕಾಯ್ದೆಯಡಿ ಎಂಬುದನ್ನು ಮೊದಲು ನೋಡಿ. 2013ರ ಭೂಸ್ವಾಧೀನ ಕಾಯ್ದೆಯಾದರೆ ಪ್ರಾಥಮಿಕ ಅಧಿಸೂಚನೆಗೆ ಆಕ್ಷೇಪಣೆ ಹಾಕಲು 60 ದಿನ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಾದರೆ 21 ದಿನ ಮಾತ್ರ. 2013ರ ಕಾಯ್ದೆಯಲ್ಲಿ ಲೆಕ್ಕಹಾಕಿದ ಪರಿಹಾರದ ಮೇಲೆ ಸೊಲೇಷಿಯಂ ಎಂದು ಅಷ್ಟೇ ಮೊತ್ತ ಮತ್ತೆ ಸೇರುತ್ತದೆ. ಪರಿಹಾರ ಕಡಿಮೆ ಎನಿಸಿದರೆ ಹಣ ಪಡೆಯುವಾಗಲೇ 'ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ' ಎಂದು ಬರೆದು ಸಹಿ ಮಾಡಿ. ಹಾಗೆ ಬರೆಯದೆ ಪಡೆದರೆ ಹೆಚ್ಚಿನ ಪರಿಹಾರ ಕೇಳುವ ಹಕ್ಕೇ ಹೋಗುತ್ತದೆ. ಪೌತಿ ಖಾತೆ (ತೀರಿಹೋದವರಿಂದ ವಾರಸುದಾರರಿಗೆ ಹೆಸರು ಬದಲಾವಣೆ) ಆಗದ, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡುವುದು) ಆಗದ ಜಮೀನಿನ ಹಣ ಹಕ್ಕುದಾರರು ತೀರ್ಮಾನವಾಗುವವರೆಗೆ ಠೇವಣಿಯಲ್ಲೇ ಉಳಿಯುತ್ತದೆ. ಅಧಿಸೂಚನೆ ಬರುವ ಮೊದಲೇ ಇವನ್ನು ಮಾಡಿಸಿಕೊಂಡರೆ ಒಳ್ಳೆಯದು.

ರಿಕ್ವಿಸಿಶನ್ ತಾತ್ಕಾಲಿಕ. ಚುನಾವಣೆಗೆ ಖಾಸಗಿ ಬಸ್ಸು, ಮ್ಯಾಕ್ಸಿಕ್ಯಾಬ್ ಪಡೆಯುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 160ರಂತೆ. ಕೆಲಸ ಮುಗಿದ ಮೇಲೆ ಗಾಡಿ ವಾಪಸು ಬರುತ್ತದೆ, ಬಾಡಿಗೆಯನ್ನೂ ಕೊಡಬೇಕು.

ಯಾವ ಕಾಗದವೂ ಇಲ್ಲದೆ ಕಿತ್ತುಕೊಂಡರೆ

ಇಲ್ಲಿಯವರೆಗಿನ ಪದಗಳಿಗೆಲ್ಲ ಕಾಯ್ದೆಯ ಅಥವಾ ಕರಾರಿನ ಬೆಂಬಲವಿದೆ. ಅದಿಲ್ಲದೆ ಕಿತ್ತುಕೊಂಡರೆ ಅದು ಅಪರಾಧ, ಅಲ್ಲಿಯೂ ಪದಗಳು ಬೇರೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಗೊತ್ತಿಲ್ಲದಂತೆ ಒಯ್ದರೆ ಥೆಫ್ಟ್, ಸೆಕ್ಷನ್ 303. ಬೈಕಿನಲ್ಲಿ ಬಂದು ಕೊರಳಿನ ಸರ ಎಳೆದರೆ ಸ್ನ್ಯಾಚಿಂಗ್, ಸೆಕ್ಷನ್ 304. ಇದು ಹೊಸ ಸಂಹಿತೆಯಲ್ಲಿ ಪ್ರತ್ಯೇಕವಾಗಿ ಸೇರಿದ ಅಪರಾಧ, ಶಿಕ್ಷೆ 3 ವರ್ಷದವರೆಗೆ. ಹೆದರಿಸಿ ನಿಮ್ಮ ಕೈಯಿಂದಲೇ ಕೊಡಿಸಿಕೊಂಡರೆ ಎಕ್ಸ್‌ಟಾರ್ಶನ್, ಸೆಕ್ಷನ್ 308. ಕಳವಿನ ಜೊತೆ ಹೊಡೆತವೋ ಚಾಕುವಿನ ಬೆದರಿಕೆಯೋ ಸೇರಿದರೆ ರಾಬರಿ, ಸೆಕ್ಷನ್ 309, ಶಿಕ್ಷೆ 10 ವರ್ಷದವರೆಗೆ. ಸಂಜೆಯಿಂದ ಬೆಳಗಿನೊಳಗೆ ಹೆದ್ದಾರಿಯಲ್ಲಿ ನಡೆದರೆ 14 ವರ್ಷದವರೆಗೆ. ಐದು ಅಥವಾ ಹೆಚ್ಚು ಜನ ಸೇರಿದರೆ ಡೆಕಾಯಿಟಿ, ಸೆಕ್ಷನ್ 310. ದೂರು ಬರೆಯುವಾಗ 'ಸರ ಕಳುವಾಗಿದೆ' ಎಂದಷ್ಟೇ ಬರೆದರೆ 303ರಲ್ಲೇ ಉಳಿದುಬಿಡಬಹುದು. ಎಳೆದರೋ, ತಳ್ಳಿದರೋ, ಆಯುಧ ತೋರಿಸಿದರೋ, ಎಷ್ಟು ಜನರಿದ್ದರೋ ಎಲ್ಲವನ್ನೂ ಬರೆಯಿರಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

ಜಮೀನನ್ನೋ ಮನೆಯನ್ನೋ ಹೀಗೆ ಬಲವಂತದಿಂದ ಬಿಡಿಸಿದರೆ ಇಂಗ್ಲಿಷ್ ಪದ ಡಿಸ್‌ಪೊಸೆಶನ್. ನಿರ್ದಿಷ್ಟ ಪರಿಹಾರ ಕಾಯ್ದೆಯ (1963) ಸೆಕ್ಷನ್ 6ರ ಅಡಿ 6 ತಿಂಗಳೊಳಗೆ ದಾವೆ ಹಾಕಿದರೆ, ಒಡೆತನ ಯಾರದೆಂಬ ಪ್ರಶ್ನೆಗೇ ಹೋಗದೆ, ಸ್ವಾಧೀನದಲ್ಲಿ ಇದ್ದವರಿಗೆ ನ್ಯಾಯಾಲಯ ಅದನ್ನು ಮರಳಿ ಕೊಡಿಸಬಹುದು. ಬಾಡಿಗೆದಾರರಿಗೂ ಇದು ಅನ್ವಯಿಸುತ್ತದೆ, ಸರ್ಕಾರದ ವಿರುದ್ಧ ಮಾತ್ರ ನಡೆಯದು. ಅಲ್ಲಿ ನೀವಿದ್ದಿರಿ ಎಂದು ತೋರಿಸಲು ಕರೆಂಟ್ ಬಿಲ್, ಕಂದಾಯ ರಸೀದಿ, ಪಹಣಿಯ ಬೆಳೆ ಕಾಲಂ, ಅಕ್ಕಪಕ್ಕದವರ ಸಾಕ್ಷ್ಯ ಸಾಕಾಗುತ್ತದೆ. ವಕೀಲರ ಖರ್ಚು ಭರಿಸಲಾಗದವರು ದಾವಣಗೆರೆ, ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿಗೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.